ವಿರೂಪಾಕ್ಷನ ಹಳೆಯ ಶೂ

ಶೂಗಳ ಅಡಿಗೆ ಅಂಟಿದ ಒಣ ಕೆಸರನ್ನು ನಾನು ತೆಂಗಿನ ಚಿಪ್ಪಿನ ಚೂರಿನಿಂದ ಕೆರೆಯುತ್ತಿದ್ದೆ. ಕೆರೆದದ್ದನ್ನು ಹೊಸ್ತಿಲಾಚೆ ಒದರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಪೇಪರನ್ನು ಉಂಡೆ ಮಾಡಿ ಒಳಗೆ ತುರುಕಿ, ಬಿಸಿಲು ಬೀಳುವ ಕಡೆ ಸಾಲಾಗಿ ಇಡಬೇಕು. ದಾಕ್ಷಾಯಿಣಿ ಎದುರಿನ ಬೆಂಚಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಮೊದಲಿನಿಂದಲೂ ಹೆಚ್ಚು ಮಾತಾಡುವವಳಲ್ಲ. ಕೊನೆಯ ಜೊತೆಯನ್ನು ಕೈಗೆತ್ತಿಕೊಂಡಾಗ ಅವಳು ತನ್ನ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. ಬಿಳಿ ಬಣ್ಣದ, ಬದಿಯಲ್ಲಿ ಕೆಂಪು ಪಟ್ಟಿಯಿದ್ದ ಆ ಜೊತೆ ಹೋದ ವರ್ಷ ವಿರೂಪಾಕ್ಷನ ಕಾಲಲ್ಲಿತ್ತು. ಅದನ್ನು ಹಾಕಿಕೊಂಡೇ ಅವನು ಕೆರೆ ಸುತ್ತಿನ ಓಟ ಗೆದ್ದಿದ್ದ. ಈ ವರ್ಷ ಅವನಿಗೆ ಹೊಸ ಜೊತೆ ಬಂದಿತ್ತು. ಹಳೆಯದು ದಾಕ್ಷಾಯಿಣಿಗೆ.

ನಾನು ಕಾಲೇಜಿನ ಆಟದ ಕೋಣೆಯಲ್ಲಿ ಕೆಲಸಕ್ಕಿದ್ದೇನೆ. ಹೆಸರು ಸಾಕಮ್ಮ. ಚೆಂಡಿಗೆ ಗಾಳಿ ಹೊಡೆಯುವುದು, ಬಲೆ ಬಿಚ್ಚಿ ಕಟ್ಟುವುದು, ಶೂ ತೊಳೆಯುವುದು, ಓಟದ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಗೆರೆ ಅಳಿಸುವುದೂ ನನ್ನದೇ. ಕೆರೆ ಸುತ್ತಿನ ಓಟದಲ್ಲಿ ಹುಡುಗರು, ಹುಡುಗಿಯರು ಒಟ್ಟಿಗೇ ಓಡುತ್ತಾರೆ. ಮೊದಲ ಹತ್ತು ಮಂದಿ ಮುಟ್ಟಿದ ಕೂಡಲೇ ನಾನು ಪೊರಕೆ ತೆಗೆದುಕೊಂಡು ಗೆರೆಯನ್ನು ಗುಡಿಸಿಬಿಡಬೇಕು. ಆಮೇಲೆ ಬಂದವರಿಗೆ ಮುಟ್ಟಲು ಏನೂ ಇರುವುದಿಲ್ಲ, ಅವರು ಓಡಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹುಡುಗಿಯರು ಬಂದು ನಿಲ್ಲುತ್ತಿದ್ದದ್ದು ಯಾವಾಗಲೂ ಗುಡಿಸಿದ ಮಣ್ಣಿನ ಮೇಲೆ. ಅವರ ಮುಖ ನೋಡಲಾರದೆ ನಾನು ಪೊರಕೆಯನ್ನು ನೋಡುತ್ತಿದ್ದೆ.

ನಮ್ಮೂರಿನಲ್ಲಿ ಮೆಟ್ಟು ಮೊದಲು ಯಾರ ಕಾಲನ್ನು ಕಾಣುತ್ತದೋ ಅವರ ದಾರಿಯನ್ನೇ ಕಲಿಯುತ್ತದೆ. ಹಾಗಾಗಿ ಇಲ್ಲಿ ಚಪ್ಪಲಿ ಕಳ್ಳರಿಲ್ಲ. ಕದ್ದವನು ಸಂಜೆಯೊಳಗೆ ಚಪ್ಪಲಿಯ ಒಡೆಯನ ಮನೆ ಅಂಗಳದಲ್ಲಿ ಪೆಚ್ಚಾಗಿ ನಿಂತಿರುತ್ತಾನೆ. ಮದುವೆಯಾದ ಹುಡುಗಿಗೆ ಅತ್ತೆಯ ಮನೆಯವರೇ ಹೊಸ ಚಪ್ಪಲಿ ತಂದುಕೊಟ್ಟು ಹಳೆಯದನ್ನು ಅವಳ ತಾಯಿಯ ಕೈಗೆ ಕೊಟ್ಟು ಕಳಿಸುತ್ತಾರೆ. ಇಲ್ಲದಿದ್ದರೆ ನೀರಿಗೆ ಹೋದವಳು ಬಿಂದಿಗೆ ಸಮೇತ ತವರಿನ ದಾರಿ ಹಿಡಿಯುತ್ತಾಳೆ. ನಮ್ಮ ಬೀದಿಯ ಗಿರಿಜಜ್ಜಿ ತೀರಿಹೋದ ಗಂಡನ ಚಪ್ಪಲಿ ಬಿಸಾಡಲು ಮನಸ್ಸಾಗದೆ ಮೆಟ್ಟಿಕೊಂಡು ಓಡಾಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಹೆಂಡದಂಗಡಿಯ ಮುಂದೆ ನಿಂತು, "ಇವತ್ತೂ ಕರ್ಕೊಂಡ್ ಬಂದ್ರು ನೋಡಪ್ಪಾ ನಿಮ್ಮಜ್ಜ" ಎಂದು ನಗುತ್ತಿದ್ದಳು. ಅವಳನ್ನು ಯಾರೂ ಬಯ್ಯುತ್ತಿರಲಿಲ್ಲ. ಕಾಲು ಎಳೆದುಕೊಂಡು ಹೋದ ಕಡೆಗೆ ಮನುಷ್ಯರನ್ನು ಹೊಣೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ನನ್ನನ್ನು ಮಾತ್ರ ಹೊಣೆ ಮಾಡಿದರು. ಬರಿಗಾಲಲ್ಲಿ ಬಂದವರನ್ನು ಶಾಲೆಯೊಳಗೆ ಬಿಡುತ್ತಿರಲಿಲ್ಲ. "ಹೆಣ್ಣು ಹುಡುಗಿಗೆ ಹೊಸದ್ಯಾಕೆ" ಎಂದು ಅಪ್ಪ ಅಣ್ಣನ ಹಳೆಯ ಚಪ್ಪಲಿ ಕೊಟ್ಟ. ಅಣ್ಣ ಶಾಲೆ ತಪ್ಪಿಸಿ ಇಟ್ಟಿಗೆ ಗೂಡಿನ ಹತ್ತಿರ ಗಾಳಿಪಟ ಹಾರಿಸುತ್ತಿದ್ದವನು. ಚಪ್ಪಲಿ ದಿನವೂ ನನ್ನನ್ನು ಅಲ್ಲಿಗೇ ಎಳೆಯಿತು. ಅಳುತ್ತಾ, ಬೇಲಿ ಹಿಡಿದುಕೊಂಡು, ಒಂದೊಂದು ಹೆಜ್ಜೆ ಕಿತ್ತು ಕಿತ್ತು ಇಟ್ಟು ಶಾಲೆ ಸೇರುವ ಹೊತ್ತಿಗೆ ಊಟದ ಗಂಟೆ ಹೊಡೆದಿರುತ್ತಿತ್ತು. "ಓದೋ ಮನಸ್ಸಿದ್ದೋಳು ಹೆಂಗಾದ್ರೂ ಬರ್ತಾಳೆ" ಎಂದು ಮೇಷ್ಟ್ರು ಹೊರಗೆ ನಿಲ್ಲಿಸಿದರು. ಏಳನೆಯ ತರಗತಿಯಲ್ಲಿ ಬಿಟ್ಟೆ. ಅವತ್ತಿನಿಂದ ನಾನು ಏನನ್ನೂ ಮೆಟ್ಟಿಲ್ಲ.

ಕಾಲೇಜಿನಲ್ಲೂ ಅದೇ ಕಥೆ, ಇಲ್ಲಿ ಶೂ ಚೆನ್ನಾಗಿರುತ್ತಿದ್ದವು ಅಷ್ಟೆ. ಪ್ರತಿ ವರ್ಷ ಹೊಸ ಶೂಗಳ ಪೆಟ್ಟಿಗೆ ಬರುತ್ತಿತ್ತು. ಹೊಸವೆಲ್ಲ ಹುಡುಗರಿಗೆ, ಅವರು ಹೋದ ವರ್ಷ ಹಾಕಿ ಬಿಟ್ಟವು ಹುಡುಗಿಯರಿಗೆ. "ಹುಡುಗ್ರು ಓಡ್ತಾರೆ, ಅವ್ರಿಗೆ ಹೊಸದು ಬೇಕು. ಹುಡುಗೀರು ಭಾಗವಹಿಸ್ತಾರೆ, ಅವ್ರಿಗೆ ಯಾವುದಾದ್ರೂ ಆಗುತ್ತೆ" ಎಂದು ಆಟದ ಮೇಷ್ಟ್ರು ಗುರುಶಾಂತಪ್ಪ ಹೇಳುತ್ತಿದ್ದರು. ಕೆಂಚಮ್ಮ ಎನ್ನುವ ಹುಡುಗಿ ಒಂದು ವರ್ಷ ತಾನೇ ಹೊಸ ಶೂ ಕೊಂಡು ತಂದಿದ್ದಳು. ಕಾಲೇಜಿನ ಮುದ್ರೆಯಿಲ್ಲದ ಶೂ ನಡೆಯುವುದಿಲ್ಲ ಎಂದು ಅವಳನ್ನು ಸಾಲಿನಿಂದ ಹೊರಗೆ ಕಳಿಸಿದರು. ಬರಿಗಾಲಿನವರನ್ನಂತೂ ಸಾಲಿಗೇ ಸೇರಿಸುವುದಿಲ್ಲ.

ಅವತ್ತು ಗುರುಶಾಂತಪ್ಪನವರು ಆಟದ ಕೋಣೆಗೆ ಬಂದಾಗ ನಾನು ವಿರೂಪಾಕ್ಷನ ಶೂ ಒರೆಸುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ದಾಕ್ಷಾಯಿಣಿಗೆ, "ನೋಡಮ್ಮಾ, ಕಮಿಟಿಯವ್ರು ತೀರ್ಮಾನ ಮಾಡಿದಾರೆ. ಈ ಸಲಾನೂ ಗೆರೆ ಗುಡಿಸೋದ್ರೊಳಗೆ ಒಬ್ಬ ಹುಡುಗೀನೂ ಬರ್ಲಿಲ್ಲ ಅಂದ್ರೆ ಹುಡುಗೀರ ತಂಡ ಮುಚ್ಚಿಬಿಡೋದು. ನಿಮ್ಮ ಬೆಳಗಿನ ಮೈದಾನದ ಹೊತ್ತು ಕ್ರಿಕೆಟ್‌ನವ್ರಿಗೆ. ಅದಕ್ಕೇ ನಿನಗೆ ಚಾಂಪಿಯನ್ ಶೂ ಕೊಡ್ತಿರೋದು. ಕಣ್ಮುಚ್ಕೊಂಡು ಓಡು, ಅದೇ ಓಡಿಸುತ್ತೆ" ಅಂದರು.

ದಾಕ್ಷಾಯಿಣಿ ಎದ್ದು ನಿಂತಳು. "ಅಕಸ್ಮಾತ್ ಗೆದ್ರೆ ಯಾರು ಗೆದ್ದಂಗೆ ಸಾರ್?"

"ಶೂ ಗೆದ್ದಂಗೆ. ಇನ್ಯಾರು?"

"ಸೋತ್ರೆ?"

"ಸೋತ್ರೆ ನೀನು ಸೋತಂಗೆ." ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವಂತೆ ಹೇಳಿ ಹೋದರು.

ದಾಕ್ಷಾಯಿಣಿ ಕುಂಬಾರ ಬೀದಿಯವಳು. ಉದ್ದ ಕಾಲು, ಚೂಪು ಮೂಗು, ಸಿಟ್ಟು ಬಂದರೆ ಮೌನ. ಅವಳು ಬರಿಗಾಲಲ್ಲಿ ಓಡಿದ್ದನ್ನು ನಾನು ಒಮ್ಮೆ ನೋಡಿದ್ದೆ. ಮಳೆ ಬರುವ ಮುಂಚೆ ಮಡಕೆಗಳನ್ನು ಒಳಗಿಡಲು ಮನೆಯ ಕಡೆ ಓಡುತ್ತಿದ್ದಳು. ಬೀದಿಯ ನಾಯಿಗಳು ಬೆನ್ನು ಹತ್ತಿ, ಅರ್ಧ ದಾರಿಯಲ್ಲೇ ಬಿಟ್ಟು ಕೂತವು. ಅಂಥವಳು ಹೋದ ವರ್ಷ ಓಟದ ನಡುವೆ ಕ್ಷೌರದಂಗಡಿಯ ಬೆಂಚಿನ ಹತ್ತಿರ ಸಿಕ್ಕಿಕೊಂಡು ನಿಂತಿದ್ದಳು. ಅವಳ ಕಾಲಲ್ಲಿದ್ದದ್ದು ದಿನಾ ಅಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದ ಯಾವನೋ ಹುಡುಗನ ಶೂ.

ಈ ವರ್ಷ ತಂಡದಲ್ಲಿ ಮೂವರಿದ್ದರು. ದಾಕ್ಷಾಯಿಣಿ, ಕೆಂಚಮ್ಮ, ಮತ್ತೆ ಜುಬೇದಾ. ಬೆಳಗಿನ ಅಭ್ಯಾಸ ಶುರುವಾದ ದಿನವೇ ಕೆಂಚಮ್ಮನ ಶೂ ಅವಳನ್ನು ಕ್ಯಾಂಟೀನಿನ ಕಡೆ ಎಳೆಯಿತು. ಅವಳು ಕಿಟಕಿಯ ಸರಳು ಹಿಡಿದುಕೊಂಡು, "ಬರಲ್ಲ ಅಂದ್ರೆ ಬರಲ್ಲ" ಎಂದು ಶೂಗಳಿಗೆ ಬಯ್ಯುತ್ತಾ ಅಳುತ್ತಿದ್ದಳು. ನೀರಿನ ಕೊಡ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಬೇಲಿ ನೆನಪಾಯಿತು, ಇಟ್ಟಿಗೆ ಗೂಡು ನೆನಪಾಯಿತು. ಶಾಲೆ ಬಿಟ್ಟ ದಿನ ನಾನು ಎಳೆದಾಡುವುದನ್ನು ನಿಲ್ಲಿಸಿ ಚಪ್ಪಲಿ ಹೋದಲ್ಲಿಗೆ ಹೋಗಿದ್ದೆ. ಬೂದಿಯ ಗುಡ್ಡೆಯ ಮೇಲೆ ಕೂತು, ಆಕಾಶ ನೋಡಿ, ಸಾಕೆನ್ನಿಸಿ ಎದ್ದಾಗ ಚಪ್ಪಲಿ ನಾಯಿಮರಿಯಂತೆ ತೆಪ್ಪಗೆ ನಾನು ನಡೆದ ಕಡೆ ಬಂದಿತ್ತು.

"ಬಿಟ್ಬಿಡಿ" ಅಂದೆ.

ಮೂವರೂ ನನ್ನ ಕಡೆ ತಿರುಗಿದರು. ನಾನು ಮಾತಾಡುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ.

"ಎಳೀಬೇಡಿ. ಅದಕ್ಕೆ ಎಲ್ಲಿಗೆ ಹೋಗ್ಬೇಕೋ ಹೋಗ್ಲಿ. ಸಾಕಾಗೋ ತನಕ ಕೂರ್ಲಿ. ಆಮೇಲೆ ಮಾತು ಕೇಳುತ್ತೆ."

"ಕ್ಯಾಂಟೀನ್ ಒಳಗೇನೇ?" ಜುಬೇದಾ ಬಾಯಿಗೆ ಕೈ ಇಟ್ಟುಕೊಂಡಳು. ಹುಡುಗಿಯರು ಒಳಗೆ ಕೂರಬಾರದೆಂದು ಯಾರೂ ಬರೆದಿರಲಿಲ್ಲ. ಹಿಂದಿನ ಸಣ್ಣ ಕಿಟಕಿಯಿಂದ ಟೀ ತೆಗೆದುಕೊಂಡು ಮರದ ಕೆಳಗೆ ನಿಂತು ಕುಡಿಯುವುದು ರೂಢಿ.

ಕೆಂಚಮ್ಮ ಸರಳು ಬಿಟ್ಟಳು. ಶೂ ಅವಳನ್ನು ನೇರ ಒಳಗೆ ಕರೆದುಕೊಂಡು ಹೋಗಿ ಫ್ಯಾನಿನ ಕೆಳಗಿನ ಮೇಜಿನ ಮುಂದೆ ನಿಲ್ಲಿಸಿತು. ನಾವೂ ಹಿಂದೆ ಹೋದೆವು. ಹುಡುಗರ ಗದ್ದಲ ನಿಂತಿತು. ಕ್ಯಾಂಟೀನಿನ ಶೇಷಪ್ಪ ಹೆಗಲ ಬಟ್ಟೆ ತೆಗೆದು, "ಏನ್ರಮ್ಮಾ, ಕಿಟಕಿ ಆಚೆ ಇದೆ" ಅಂದ.

"ನಾವು ಬಂದಿಲ್ಲ ಶೇಷಪ್ಪಣ್ಣ" ಅಂದಳು ಕೆಂಚಮ್ಮ. ಕಣ್ಣು ಇನ್ನೂ ಒದ್ದೆಯಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಶೂ ಬಂದಿದೆ. ಅದಕ್ಕೊಂದು ಟೀ ಕೊಡಿ."

ಶೇಷಪ್ಪ ತಲೆ ಕೆರೆದುಕೊಂಡ. ಇದಕ್ಕೆ ಎದುರು ಹೇಳುವುದು ನಮ್ಮೂರಿನಲ್ಲಿ ಸಾಧ್ಯವಿರಲಿಲ್ಲ. ಮೇಜು ಒರೆಸಿದ. ನನ್ನ ಬರಿಗಾಲು ಕಂಡು, "ನಿನ್ನ ಯಾವ ಶೂ ಕರ್ಕೊಂಡ್ ಬಂತೇ ತಾಯಿ?" ಎಂದು ಕೇಳಿದ. ಆದರೂ ನನ್ನ ಮುಂದೆಯೂ ಒಂದು ಲೋಟ ಇಟ್ಟ.

ಆಮೇಲಿನ ದಿನಗಳಷ್ಟು ನಾನು ಯಾವತ್ತೂ ನಕ್ಕಿರಲಿಲ್ಲ. ಜುಬೇದಾಳ ಶೂ ಟಾಕೀಸಿನ ಮೋಟುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂರುವಂಥದ್ದು. ಅವಳು ಅಲ್ಲಿ ಕೂತು ಕಡಲೆಕಾಯಿ ತಿಂದಳು. ಅವಳ ಅಮ್ಮಿ ಹುಡುಕಿಕೊಂಡು ಬಂದು, "ಇಳಿಯೇ ಕೆಳಗೆ, ನಾಲ್ಕು ಜನ ನೋಡ್ತಾರೆ" ಅಂದಾಗ, "ನಾನೇನ್ ಮಾಡ್ಲಿ ಅಮ್ಮಿ, ಕಾಲು ಕೇಳ್ತಿಲ್ಲ" ಎಂದು ಶೂ ತೋರಿಸಿದಳು. ಅಮ್ಮಿ ಸ್ವಲ್ಪ ಹೊತ್ತು ನಿಂತು ನೋಡಿ, ತಾನೂ ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡು ಹೋದಳು. ಕ್ಯಾಂಟೀನು, ಮೋಟುಗೋಡೆ, ವ್ಯಾಯಾಮದ ಮನೆ, ಮೈದಾನದ ಮೇಲಿನ ಕಲ್ಲುಮೆಟ್ಟಿಲು, ಎಲ್ಲೆಲ್ಲಿ ಹುಡುಗರು ಕಾಲು ಚಾಚಿ ಕೂರುತ್ತಿದ್ದರೋ ಅಲ್ಲೆಲ್ಲ ಹುಡುಗಿಯರೂ ಕಾಲು ಚಾಚಿ ಕೂತರು. ಕೇಳಿದವರಿಗೆ ಒಂದೇ ಉತ್ತರ, ಶೂ ಕರ್ಕೊಂಡ್ ಬಂತು. ದಿನ ಕಳೆದಂತೆ ಎಳೆತ ಕಡಿಮೆಯಾಯಿತು. ಕೊನೆಗೆ ಕೆಂಚಮ್ಮನ ಶೂ ಕ್ಯಾಂಟೀನಿನ ಮುಂದೆ ಹಾದುಹೋಗುವಾಗ ಆ ಕಡೆ ತಿರುಗಲೂ ಇಲ್ಲ. ತಿರುಗಿದವಳು ಕೆಂಚಮ್ಮ. ಅವಳಿಗೆ ಅಲ್ಲಿನ ಬೋಂಡಾ ರುಚಿ ಹತ್ತಿತ್ತು.

ದಾಕ್ಷಾಯಿಣಿಯ ಶೂ ಮಾತ್ರ ಪಳಗಲಿಲ್ಲ. ಅದು ಎಲ್ಲಿಗೂ ದಾರಿ ತಪ್ಪುತ್ತಿರಲಿಲ್ಲ. ಕೆರೆಯ ಸುತ್ತ ಚೆನ್ನಾಗಿಯೇ ಓಡುತ್ತಿತ್ತು. ಗೆರೆಗೆ ನಾಲ್ಕಾರು ಹೆಜ್ಜೆ ಇರುವಾಗ ಗಕ್ಕನೆ ನಿಂತುಬಿಡುತ್ತಿತ್ತು. ಮೆಟ್ಟಿಲುಗಳ ಕಡೆ ತಿರುಗಿ, ಬಲಗಾಲಿನ ತುದಿಯನ್ನು ಒಂದಿಷ್ಟು ಮೇಲೆತ್ತಿ, ಯಾರಾದರೂ ಚಪ್ಪಾಳೆ ತಟ್ಟಲಿ ಎಂದು ಕಾಯುತ್ತಿತ್ತು. ವಿರೂಪಾಕ್ಷ ಪ್ರತಿ ಸಲ ಗೆಲ್ಲುವಾಗ ಹಾಗೆ ನಿಂತು ಎರಡೂ ಕೈ ಎತ್ತಿ ಜನರನ್ನು ನೋಡುತ್ತಿದ್ದ. ಅವನ ಹಿಂದೆ ಬರುವವರು ತುಂಬ ದೂರ ಇರುತ್ತಿದ್ದರು, ನಿಲ್ಲುವಷ್ಟು ಪುರುಸೊತ್ತಿತ್ತು ಅವನಿಗೆ.

ಶೂಗಳ ಆಸೆ ತೀರಿಸೋಣ ಎಂದು ನಾವು ಮೂವರೂ ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟಿದೆವು. ಕೈ ಕೆಂಪಗಾದವು. ಜುಬೇದಾ ಸೀಟಿ ಹೊಡೆದಳು, ಕೆಂಚಮ್ಮ "ವಿರೂಪಾಕ್ಷನಿಗೆ ಜೈ" ಎಂದು ಕೂಗಿದಳು. ಶೂ ಅಲುಗಲಿಲ್ಲ. ಇನ್ನೂ ಬೇಕು ಎನ್ನುವಂತೆ ತುದಿ ಇನ್ನಷ್ಟು ಮೇಲೆದ್ದಿತು. ಆ ಶೂಗಳಲ್ಲಿ ಸಿಕ್ಕಿಕೊಂಡ ದಾಕ್ಷಾಯಿಣಿ ಬೆವರು ಒರೆಸಿಕೊಳ್ಳುತ್ತಾ ಗೆರೆಯನ್ನೇ ನೋಡುತ್ತಿದ್ದಳು.

"ಟೀಗೂ ಒಂದು ಮಿತಿ ಇದೆ ಕಣೇ, ಚಪ್ಪಾಳೆ ಆಸೆಗಿಲ್ಲ" ಅಂದಳು ಕೆಂಚಮ್ಮ.

ಓಟದ ದಿನ ಬೆಳಿಗ್ಗೆ ನಾನು ಗೆರೆ ಎಳೆದು ಬಂದಾಗ ದಾಕ್ಷಾಯಿಣಿ ಶೂ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು, ಲೇಸು ಕಟ್ಟಿರಲಿಲ್ಲ. "ಸಾಕಮ್ಮ, ನಿಮ್ಮನೇಲಿ ದನ ಇದಾವಲ್ಲ? ಕರೂನ ಹೆಂಗೆ ಕಟ್ತೀರಿ?" ಎಂದು ಕೇಳಿದಳು.

ನನಗೆ ಅರ್ಥವಾಯಿತು. ಕರು ಜಗ್ಗಿದಷ್ಟೂ ಬಿಗಿಯುವ ಗಂಟು ಅದು. ಅಮ್ಮ ಹಾಲು ಕರೆದು ಎದ್ದವಳು ತುದಿಯನ್ನು ಒಮ್ಮೆ ಎಳೆದರೆ ಸಾಕು, ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅವಳ ಕಾಲ ಬಳಿ ಕೂತು ಲೇಸನ್ನು ಮೇಲಿನ ಒಂದೇ ತೂತಿಗೆ ಪೋಣಿಸಿ ಎರಡೂ ಶೂಗಳಿಗೆ ಆ ಗಂಟು ಹಾಕಿದೆ. ತುದಿಗಳನ್ನು ಹೊರಗೆ ಉದ್ದ ಬಿಟ್ಟೆ.

"ದಾರೀಲಿ ಬಿಚ್ಕೊಂಡ್ರೆ?" ಎಂದು ಅವಳೇ ಕೇಳಿ, ಅವಳೇ ಎದ್ದು ನಿಂತು ನೆಲ ಒದ್ದು ನೋಡಿದಳು. ಗಂಟು ಹಿಡಿದಿತ್ತು.

ಮೈದಾನ ತುಂಬಿತ್ತು. ಹುಡುಗರು ಮುಂದಿನ ಸಾಲಿನಲ್ಲಿ, ಹುಡುಗಿಯರು ಅವರ ಬೆನ್ನಿಗೆ. ವಿರೂಪಾಕ್ಷ ಹಿಂದೆ ತಿರುಗಿ, "ನನ್ ಶೂನ ಹುಷಾರಾಗಿ ನೋಡ್ಕೊಳ್ರಮ್ಮ" ಅಂದ. ಹುಡುಗರು ನಕ್ಕರು. ಅವನು ಕೆಟ್ಟವನಲ್ಲ. ಯಾವತ್ತೂ ಹಿಂದಿನ ಸಾಲಿನಲ್ಲಿ ನಿಂತವನಲ್ಲ, ಅಷ್ಟೆ. ಸೀಟಿ ಊದಿದರು. ಎಲ್ಲರೂ ಕ್ಯಾಂಟೀನಿನ ಪಕ್ಕ ಹಾದು ಕೆರೆಯ ಕಡೆ ಮಾಯವಾದರು. ಕೆಂಚಮ್ಮ ಆ ಕಡೆ ನೋಡಲೂ ಇಲ್ಲ ಎಂದು ಆಮೇಲೆ ಶೇಷಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಾನು ಪೊರಕೆ ಹಿಡಿದು ಗೆರೆಯ ಪಕ್ಕ ನಿಂತೆ.

ತುಂಬ ಹೊತ್ತಾದ ಮೇಲೆ ಟಾಕೀಸಿನ ರಸ್ತೆಯಲ್ಲಿ ಧೂಳು ಕಂಡಿತು. ಮೊದಲು ಬಂದವನು ವಿರೂಪಾಕ್ಷ. ಅವನ ಹಿಂದೆ ಮೊದಲೆಲ್ಲ ಖಾಲಿ ರಸ್ತೆ ಇರುತ್ತಿತ್ತು. ಈ ಸಲ ಆ ಧೂಳಿನೊಳಗಿಂದ ಎರಡು ಜಡೆ ಹಾರುತ್ತಾ ಬಂದವು. ಮೆಟ್ಟಿಲ ಮೇಲಿನವರು ಎದ್ದು ನಿಂತರು.

"ಅದು ವಿರೂಪಾಕ್ಷನ ಹಳೇ ಶೂ ಕಣ್ರೋ! ಶೂ ಓಡಿಸ್ತಾ ಇದೆ!"

"ಎರಡೂ ಅವನೇ! ಮೊದಲೂ ಅವನೇ, ಎರಡನೇನೂ ಅವನೇ!"

ಆ ಕೂಗಾಟ ವಿರೂಪಾಕ್ಷನಿಗೆ ಕೇಳಿಸಿತು, ತನ್ನ ಹೆಸರು ಮಾತ್ರ ಕೇಳಿಸಿರಬೇಕು. ಗೆರೆಗೆ ನಾಲ್ಕಾರು ಹೆಜ್ಜೆ ಇರುವಾಗ ಅವನು ನಿಧಾನಿಸಿ, ನಿಂತು, ಮೆಟ್ಟಿಲ ಕಡೆ ತಿರುಗಿ ಎರಡೂ ಕೈ ಎತ್ತಿದ. ಅವನ ಪಕ್ಕಕ್ಕೇ ಬಂದು ಹಳೆಯ ಶೂಗಳೂ ಗಕ್ಕನೆ ನಿಂತವು. ಹೊಸ ಜೊತೆ, ಹಳೆ ಜೊತೆ, ಎರಡೂ ಒಂದೇ ಕಡೆ ತಿರುಗಿ, ಎರಡೂ ಬಲಗಾಲಿನ ತುದಿ ಎತ್ತಿಕೊಂಡು.

ದಾಕ್ಷಾಯಿಣಿ ಬಗ್ಗಿದಳು.

"ನೋಡ್ರೋ, ಕಾಲಿಗೆ ಬೀಳ್ತಾ ಇದಾಳೆ!" ಮೇಲಿನಿಂದ ಯಾರೋ ಕೂಗಿದರು. ಚಪ್ಪಾಳೆ, ಸೀಟಿ, ನಗು ಒಟ್ಟಿಗೇ ಎದ್ದವು. ವಿರೂಪಾಕ್ಷ ಕೆಳಗೆ ನೋಡಿದ. ತನ್ನ ಪಾದದ ಹತ್ತಿರ ಬಗ್ಗಿದ ತಲೆಯನ್ನು ಕಂಡು ಒಂದು ಕೈಯನ್ನು ಇಳಿಸಿ, ದೊಡ್ಡವರು ಮಾಡುವ ಹಾಗೆ, ಆಶೀರ್ವಾದಕ್ಕೆ ಚಾಚಿದ. ಜನ ಇನ್ನೂ ಜೋರಾಗಿ ನಕ್ಕರು. ಅವನು ಅವರ ಕಡೆ ಮುಖ ಮಾಡಿ ತಾನೂ ನಕ್ಕ.

ದಾಕ್ಷಾಯಿಣಿ ಲೇಸುಗಳ ಎರಡೂ ತುದಿಗಳನ್ನು ಒಟ್ಟಿಗೇ ಎಳೆದಳು. ಗಂಟು ಬಿಚ್ಚಿಕೊಂಡಿತು. ಹೊಸ್ತಿಲು ದಾಟುವವಳಂತೆ ಒಂದು ಕಾಲು ಎತ್ತಿ ಹೊರಗಿಟ್ಟಳು, ಇನ್ನೊಂದು ಕಾಲು ಎತ್ತಿ ಹೊರಗಿಟ್ಟಳು. ಆಮೇಲೆ ಮಳೆಗೆ ಮುಂಚೆ ಮಡಕೆಯ ಕಡೆ ಓಡಿದ ಹುಡುಗಿಯೇ ಅವಳು. ನನ್ನ ಮುಂದೆ ಗಾಳಿ ಬೀಸಿದಂತಾಯಿತು. ಕೆಳಗೆ ನೋಡಿದೆ. ಗೆರೆಯ ಆಚೆ ಮಣ್ಣಿನ ಮೇಲೆ ಸುಣ್ಣದ ಬಿಳಿ ಹೆಜ್ಜೆ. ಐದೂ ಬೆರಳು ಮೂಡಿದ ಹೆಜ್ಜೆ.

ವಿರೂಪಾಕ್ಷ ಇನ್ನೂ ಕೈ ಚಾಚಿಕೊಂಡೇ ಇದ್ದ. ಚಪ್ಪಾಳೆ ನಿಂತದ್ದು ಯಾಕೆಂದು ತಿರುಗಿ ನೋಡಿದವನು ಆಮೇಲೆ ಓಡಿ ಬಂದು ಎರಡನೆಯವನಾಗಿ ಗೆರೆ ಮುಟ್ಟಿದ. ಆಮೇಲೆ ಹುಡುಗರ ಗುಂಪು ಬಂತು, ಆ ಗುಂಪಿನ ನಡುವೆ ಜುಬೇದಾ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಬಂದಳು. ಹತ್ತು ಮಂದಿ ಆದರು. "ಗುಡಿಸೇ ಸಾಕಮ್ಮ!" ಎಂದು ಗುರುಶಾಂತಪ್ಪ ಕೂಗಿದರು. ನಾನು ಗುಡಿಸಲಿಲ್ಲ. ಅವರು ಮತ್ತೆ ಕೂಗಿದರು. ನಾನು ಪೊರಕೆಯನ್ನು ಎದೆಗೆ ಅವಚಿಕೊಂಡು ರಸ್ತೆ ನೋಡುತ್ತಾ ನಿಂತೆ. ಕೆಂಚಮ್ಮ ಏದುಸಿರು ಬಿಡುತ್ತಾ ಬಂದಳು. ಗೆರೆ ಇನ್ನೂ ಇರುವುದನ್ನು ಕಂಡು ಅವಳ ಮುಖ ಅರಳಿದ್ದನ್ನು ನಾನು ಈ ಸಲ ಪೂರ್ತಿ ನೋಡಿದೆ. ಎರಡೂ ಕಾಲು ಜೋಡಿಸಿ ಅದರ ಮೇಲೆ ಹಾರಿ ಕುಣಿದಳು.

ಗುರುಶಾಂತಪ್ಪ ಕಮಿಟಿಯ ಅಧ್ಯಕ್ಷರನ್ನು ಕರೆದುಕೊಂಡು ಗೆರೆಯ ಹತ್ತಿರ ಬಂದರು. "ಇದು ನಡೆಯಲ್ಲ. ಶೂ ಗೆರೆ ಮುಟ್ಟಿಲ್ಲ. ನೋಡಿ ಸಾರ್, ಶೂ ಇನ್ನೂ ಈಚೆ ಇದೆ!"

"ಹೂಂ ಸಾರ್" ಅಂದಳು ದಾಕ್ಷಾಯಿಣಿ. ಮೊಣಕಾಲ ಮೇಲೆ ಕೈಯೂರಿ ಉಸಿರು ಹಿಡಿಯುತ್ತಿದ್ದಳು. "ಶೂ ಸೋತಿದೆ. ಗೆದ್ರೆ ಶೂ, ಸೋತ್ರೆ ನೀನು ಅಂದಿದ್ರಲ್ಲ, ಈಗ ಅದಕ್ಕೇ ಕೇಳಿ, ಯಾಕಪ್ಪಾ ಸೋತೆ ಅಂತ."

"ಬರಿಗಾಲಲ್ಲಿ..."

"ಬರಿಗಾಲಲ್ಲಿ ಸಾಲಿಗೆ ನಿಲ್ಲಬಾರ್ದು ಅಂತಿದೆ. ನಾನು ಶೂ ಹಾಕ್ಕೊಂಡೇ ನಿಂತಿದ್ದೆ. ಗೆರೆ ಹೆಂಗೆ ಮುಟ್ಟಬೇಕು ಅಂತ ಯಾರೂ ಹೇಳಿಲ್ಲ."

ಮೆಟ್ಟಿಲ ಮೇಲಿನಿಂದ ಶೇಷಪ್ಪ ಬಾಯಿ ತುಂಬ ನಕ್ಕ. "ಅಲ್ಲಾ ಸ್ವಾಮೀ, ನಾವು ಇಷ್ಟೂ ಜನ ನೋಡಿದೀವಲ್ಲ. ಶೂ ಅಲ್ಲೇ ಪೋಜು ಕೊಡ್ತಾ ನಿಂತಿದೆ. ಓಡಿದ್ದು ಹುಡುಗಿ." ಅವನ ಪಕ್ಕದಲ್ಲಿದ್ದ ಜುಬೇದಾಳ ಅಮ್ಮಿ ಎದ್ದು ಚಪ್ಪಾಳೆ ತಟ್ಟಿದಳು. ಅದು ಒಂದೊಂದೇ ಮೆಟ್ಟಿಲು ಇಳಿದು ಬಂದು ಮೈದಾನವನ್ನೆಲ್ಲ ತುಂಬಿತು. ಹುಡುಗರೂ ತಟ್ಟಿದರು. ಅಧ್ಯಕ್ಷರು ಕೆಮ್ಮಿ, ಹಾರ ತರಲು ಹೇಳಿದರು. ತಂಡ ಮುಚ್ಚುವ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಈಗಲೂ ಬೆಳಗಿನ ಹೊತ್ತು ಮೈದಾನದಲ್ಲಿ ಹುಡುಗಿಯರೇ ಇರುತ್ತಾರೆ.

ವಿರೂಪಾಕ್ಷ ತನ್ನ ಹಳೆಯ ಶೂಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವು ತುದಿ ಎತ್ತಿಕೊಂಡು, ಬಾಯಿ ತೆರೆದುಕೊಂಡು, ಮೆಟ್ಟಿಲ ಕಡೆ ನೋಡುತ್ತಿದ್ದವು. "ನಾನು ಹಿಂಗ್ ನಿಲ್ತೀನಾ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ದಿನಾ" ಅಂದಳು ಕೆಂಚಮ್ಮ. ಅವನ ಕಿವಿ ಕೆಂಪಾಯಿತು. ಆಮೇಲೆ ಅವನೂ ನಕ್ಕ.

ಫೋಟೋದವನು ಬಂದ. ದಾಕ್ಷಾಯಿಣಿಗೆ ಹಾರ ಹಾಕಿ ಕುರ್ಚಿಯ ಮೇಲೆ ಕೂರಿಸಿದರು. ಶೂ ಹಾಕಿಕೊಳ್ಳಲು ಹೇಳಿದರೆ ಒಪ್ಪದೆ, ಸುಣ್ಣ ಮೆತ್ತಿದ ಕಾಲುಗಳನ್ನು ಮುಂದಕ್ಕೆ ಚಾಚಿ ಕೂತಳು. ಕೆಂಚಮ್ಮ, ಜುಬೇದಾ ಅವಳ ಹಿಂದೆ ನಿಂತರು. "ಏಯ್ ಸಾಕಮ್ಮ, ಆ ಶೂ ಎತ್ಕೊಂಡ್ ಹೋಗಿ ಒಳಗಿಡು" ಅಂದರು ಗುರುಶಾಂತಪ್ಪ.

ನಾನು ಪೊರಕೆ ಕೆಳಗಿಟ್ಟು ಶೂಗಳನ್ನು ಎತ್ತಿಕೊಂಡೆ. ಇನ್ನೂ ಬೆಚ್ಚಗಿದ್ದವು. ಎರಡು ಹೆಜ್ಜೆ ಇಟ್ಟೆ. ಆಮೇಲೆ ನಿಂತು ತಿರುಗಿದೆ.

"ಸಾರ್, ಹುಡುಗೀರಿಗೆ ಹೊಸ ಶೂ ತರಿಸಿ" ಅಂದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮೇಲಿನ ಮೆಟ್ಟಿಲಿನವರೆಗೂ ಮುಟ್ಟಿತು. ಎಲ್ಲರೂ ನನ್ನ ಕಡೆ ನೋಡಿದರು. ಗುರುಶಾಂತಪ್ಪ ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಫೋಟೋದವನ ಮುಖ ನೋಡಿದರು. ಮೊದಲಾಗಿದ್ದರೆ ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅವತ್ತು ಹೋಗಲಿಲ್ಲ. ದಾಕ್ಷಾಯಿಣಿ ಕುರ್ಚಿಯಲ್ಲಿ ಕೂತಲ್ಲಿಂದಲೇ ನನ್ನನ್ನು ನೋಡಿ ಕಣ್ಣಲ್ಲೇ ನಗುತ್ತಿದ್ದಳು.

"ನನಗೂ ಒಂದು ಜೊತೆ ಬೇಕು. ಯಾರೂ ಹಾಕ್ದೇ ಇರೋದು. ನನ್ನ ಕಾಲಿನ ಅಳತೆ ಐದು, ಸಾರ್."